ಕೆಲಸವರಿಯದವನು ಕೆಲಸಗಾರನನ್ನು ತೂಗಬಹುದೆ?

ಸಮ್ಮೇಳನದ ಸ್ಮರಣ ಸಂಚಿಕೆಗೆ ಒಂದು ಲೇಖನ ಕೊಡಬೇಕೆಂದು ಸಂಘದ ಕಾರ್ಯದರ್ಶಿಗಳು ಮನೆಗೆ ಬಂದು ಕೇಳಿದಾಗ, ಗಡಿನಾಡಿನ ಕನ್ನಡ ಶಾಲೆಗಳ ಸ್ಥಿತಿಗತಿಯನ್ನು ಕುರಿತು ಬರೆಯುವೆನೆಂದು ಅವರು ತಿಳಿದಿರಬೇಕು. ಆ ವಿಷಯವನ್ನು ಹಿಂದಿನ ಸಂಚಿಕೆಗಳಲ್ಲಿ ಎರಡು ಮೂರು ಸಲ ಬರೆದಾಗಿದೆ. ಬರೆದವನಿಗೂ ಓದಿದವರಿಗೂ ಅದರಲ್ಲಿ ಹೊಸತೇನೂ ಉಳಿದಿಲ್ಲ. ಈ ಸಲ, ಒಂದು ವರ್ಷದಿಂದ ನನ್ನ ಮನಸ್ಸನ್ನು ಕಾಡುತ್ತಿರುವ ಬೇರೊಂದು ಪ್ರಶ್ನೆಯನ್ನು ಓದುಗರ ಮುಂದಿಡುತ್ತೇನೆ. ಪ್ರಶ್ನೆ ದೊಡ್ಡದು, ಅದು ಹುಟ್ಟಿದ ಸ್ಥಳ ಮಾತ್ರ ಬಹಳ ಚಿಕ್ಕದು. ನನ್ನ ಹಳೆಯ ಮಾರುತಿ 800 ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಸ್ಟೀರಿಯೊ ಕೂಡಿಸುವ, ಒಂದು ಗೇಣಿಗೂ ಕಡಿಮೆ ಅಗಲದ, ಮೂರು ಬೆರಳು ಎತ್ತರದ ಕಿಂಡಿಯೇ ಆ ಸ್ಥಳ.

ಒಂದು ಕೆಲಸವನ್ನು ತನ್ನ ಕೈಯಿಂದ ಎಂದೂ ಮಾಡಿ ನೋಡದವನಿಗೆ, ಆ ಕೆಲಸ ಮಾಡಿದವನ ಮೇಲೆ ತೀರ್ಪು ಹೇಳುವ ಅಧಿಕಾರವಿದೆಯೆ? ಇದೇ ನನ್ನ ಪ್ರಶ್ನೆ.

ನಡೆದದ್ದನ್ನು ಮೊದಲು ಹೇಳಿಬಿಡುತ್ತೇನೆ. 2008ರಲ್ಲಿ, 58 ತುಂಬಿದಾಗ, ಮುಖ್ಯಾಧ್ಯಾಪಕನಾಗಿ ನಿವೃತ್ತನಾದೆ. ಮರುವರ್ಷ ಕೈಯಲ್ಲಿದ್ದ ಹಣದಲ್ಲಿ ಸ್ವಲ್ಪವನ್ನು ತೆಗೆದು, ಒಬ್ಬ ಕೈ ಬದಲಾದ ಮಾರುತಿ 800 ಕೊಂಡೆ. ಮನೆಯಲ್ಲಿ ವಚನಗಾಯನದ ಕ್ಯಾಸೆಟ್ಟುಗಳು ಒಂದು ಪೆಟ್ಟಿಗೆ ತುಂಬ ಇದ್ದವು; ಮಲ್ಲಿಕಾರ್ಜುನ ಮನ್ಸೂರರದೂ ಬಸವರಾಜ ರಾಜಗುರುಗಳದೂ ಹೆಚ್ಚು. ದಾರಿಯಲ್ಲಿ ಕೇಳಬೇಕೆಂಬ ಆಸೆಯಿಂದ ಅಕ್ಕಲಕೋಟೆಯಲ್ಲಿ ಕಾರುಗಳಿಗೆ ಸ್ಟೀರಿಯೊ ಹಾಕಿಕೊಡುವ ಒಬ್ಬನ ಹತ್ತಿರ ಗಾಡಿಯನ್ನು ಒಯ್ದೆ. ಆತನು ನನ್ನ ಶಿಷ್ಯ. ಹತ್ತನೆಯ ತರಗತಿಯಲ್ಲಿ ಎರಡು ಸಲ ಅನುತ್ತೀರ್ಣನಾಗಿ ಶಾಲೆ ಬಿಟ್ಟವನು. ಹೆಸರನ್ನು ಹೇಳುವುದಿಲ್ಲ, ಹೇಳಬಾರದೆಂದು ಆತನೇ ಕೇಳಿಕೊಂಡಿದ್ದಾನೆ. ಅರ್ಧ ದಿನ ಕೂತು ಕ್ಯಾಸೆಟ್ ಪ್ಲೇಯರನ್ನೂ ನಾಲ್ಕು ಸ್ಪೀಕರುಗಳನ್ನೂ ಹಾಕಿಕೊಟ್ಟ. ಗುರುಗಳೆಂದು ಕೂಲಿಯಲ್ಲಿ ಸ್ವಲ್ಪ ಬಿಟ್ಟೂ ಬಿಟ್ಟ. ಚೆನ್ನಾಗಿಯೇ ಹಾಡಿತು.

2010ರ ದೀಪಾವಳಿಗೆ, ಪುಣೆಯಲ್ಲಿ ಇಂಜಿನಿಯರಿಂಗ್ ಎರಡನೆಯ ವರ್ಷದಲ್ಲಿದ್ದ ನನ್ನ ಕಿರಿಯ ಮಗ ಊರಿಗೆ ಬಂದ. ತಂದೆಯ ಸ್ಟೀರಿಯೊ ಅವನಿಗೆ ಸಪ್ಪೆಯೆನಿಸಿತು. ಎಲ್ಲಿಂದಲೋ ಒಂದು ಆಂಪ್ಲಿಫಾಯರ್, ಒಂದು ದೊಡ್ಡ ಸ್ಪೀಕರ್ ಪೆಟ್ಟಿಗೆ ತಂದು, ಎರಡು ದಿನ ಕಾರಿನೊಳಗೆ ಮಲಗಿ, ಹಿಂದಿನ ಸೀಟಿನ ಬಳಿ ಕೂಡಿಸಿದ. ಬಂದವರಿಗೆಲ್ಲ ನಾನು ಬಾಗಿಲು ತೆರೆದು ತೋರಿಸಿದೆ: "ನಮ್ಮ ಹುಡುಗನೇ ಮಾಡಿದ್ದು, ಅಂಗಡಿಗೆ ಹೋಗಲೇ ಇಲ್ಲ."

ಆ ಬಳಿಕ ಎರಡು ಮೂರು ದಿನ ನಿಂತರೆ ಗಾಡಿ ಚಾಲೂ ಆಗುವುದು ಕಷ್ಟವಾಯಿತು. ಚಳಿಗಾಲ, ಹಳೆಯ ಬ್ಯಾಟರಿ ಎಂದು ಸುಮ್ಮನಾದೆ. ಹೊಸ ಬ್ಯಾಟರಿಯನ್ನೂ ಹಾಕಿಸಿದೆ. 2011ರ ಜನವರಿಯಲ್ಲಿ ನನ್ನ ಪತ್ನಿಯ ಕಣ್ಣಿನ ಶಸ್ತ್ರಕ್ರಿಯೆಗೆ ಸೊಲ್ಲಾಪುರದಲ್ಲಿ ದಿನ ಗೊತ್ತಾಗಿತ್ತು. ನಸುಕಿನಲ್ಲಿ ಹೊರಡಬೇಕೆಂದು ಚಾವಿ ತಿರುವಿದರೆ ಕಾರು ಟಿಕ್ಕೆಂದು ಒಂದು ಸದ್ದು ಮಾಡಿ ಸುಮ್ಮನಾಯಿತು. ನಾಲ್ಕು ದಿನಗಳಿಂದ ಅದು ಅಂಗಳದಲ್ಲೇ ನಿಂತಿತ್ತು. ನೆರೆಯವರು ಬಂದು ನೂಕಿದರು, ಆಗಲಿಲ್ಲ. ಬಸ್ಸು ಹಿಡಿದು 40 ಕಿಲೋಮೀಟರ್ ದೂರ ಹೋಗುವಷ್ಟರಲ್ಲಿ ನಮ್ಮ ಸರದಿ ತಪ್ಪಿ, ಶಸ್ತ್ರಕ್ರಿಯೆ ಮೂರು ವಾರ ಮುಂದೆ ಹೋಯಿತು. ಅನಾಹುತವೇನೂ ಆಗಲಿಲ್ಲವಾದರೂ ಕಣ್ಣು ಮಂಜಾದವಳನ್ನು ಬಸ್ ನಿಲ್ದಾಣದಲ್ಲಿ ಚಳಿಯಲ್ಲಿ ನಿಲ್ಲಿಸಿದ ಸಿಟ್ಟು ನನ್ನಲ್ಲಿ ಉಳಿಯಿತು.

ಮೆಕ್ಯಾನಿಕನೊಬ್ಬನು ಬ್ಯಾಟರಿಯನ್ನು ನೋಡಿ, "ಎಲ್ಲೋ ಕರೆಂಟ್ ತಿನ್ನಾಕತ್ತೈತಿ, ಟೇಪಿನ ವೈರಿಂಗ್ ಇರಬೇಕು" ಎಂದನು. ನನಗೆ ಅಷ್ಟು ಸಾಕಾಯಿತು. ನೇರವಾಗಿ ಶಿಷ್ಯನ ಅಂಗಡಿಗೆ ಹೋದೆ. ನಾಲ್ಕಾರು ಗಿರಾಕಿಗಳಿದ್ದರು. ಮೂಲೆಯಲ್ಲಿ ಆತನ ಹತ್ತು ವರ್ಷದ ಮಗ ಕೂತು ಶಾಲೆಯ ಅಭ್ಯಾಸ ಬರೆಯುತ್ತಿದ್ದ. ನಾನು ಹಲವು ಮಾತುಗಳನ್ನಾಡಿದೆ. ಕೊನೆಗೆ ಆಡಿದ್ದು ಇದು: "ಹತ್ತನೇತ್ತ ಎರಡು ಸಲ ನಪಾಸಾದವನ ಕೈಯಾಗ ಗಾಡಿ ಕೊಟ್ಟದ್ದು ನಂದ ತಪ್ಪು."

ಆತನು ತಿರುಗಿ ಮಾತಾಡಲಿಲ್ಲ. "ಗಾಡಿ ತರ್ರಿ ಗುರುಗೋಳ, ಬಿಚ್ಚಿ ನೋಡ್ತೀನಿ" ಎಂದಷ್ಟೇ ಹೇಳಿದ. ಕೆಡಿಸಿದ್ದು ಸಾಕೆಂದು ನಾನು ಹೊರಟುಬಂದೆ.

ಅಂದಿನಿಂದ ಪ್ರತಿ ರಾತ್ರಿ ಬಾನೆಟ್ ಎತ್ತಿ 10 ನಂಬರಿನ ಪಾನದಿಂದ ಬ್ಯಾಟರಿಯ ತಂತಿಯನ್ನು ಬಿಚ್ಚಿಡುವ, ಬೆಳಿಗ್ಗೆ ಮತ್ತೆ ಕಟ್ಟುವ ಪದ್ಧತಿಯನ್ನು ಹಾಕಿಕೊಂಡೆ. ಪಾಟೀಪೂಜೆಯಂತೆ ಅದು ತಪ್ಪದೆ ನಡೆಯಿತು. ಸ್ಟೀರಿಯೊದ ಗಡಿಯಾರ ಪ್ರತಿದಿನ ಒಂದು ಗಂಟೆಯಿಂದ ಹೊಸದಾಗಿ ಎಣಿಸತೊಡಗುತ್ತಿತ್ತು. ಮೂರು ವರ್ಷಗಳ ನಂತರ ಮಗ ನೌಕರಿ ಹಿಡಿದು, ಸ್ವಂತ ಕಾರು ಕೊಂಡು, ತನ್ನ ಆಂಪ್ಲಿಫಾಯರನ್ನೂ ಪೆಟ್ಟಿಗೆಯನ್ನೂ ಕಿತ್ತುಕೊಂಡು ಒಯ್ದ. ನಾನು ಬ್ಯಾಟರಿ ಬಿಚ್ಚುವುದನ್ನು ಬಿಡಲಿಲ್ಲ. ಅದರ ಕಾರಣವನ್ನು ಮತ್ತೆ ಕೇಳಿಕೊಳ್ಳಲೂ ಇಲ್ಲ.

ಇನ್ನು ಕಳೆದ ವರ್ಷದ ಮಾತು. ಕ್ಯಾಸೆಟ್ ಪ್ಲೇಯರ್ ಬಹಳ ಕಾಲದಿಂದ ಕೆಟ್ಟು ಕೂತಿತ್ತು. ಪುಣೆಯಲ್ಲಿರುವ ಮೊಮ್ಮಗಳಿಗೆ ಕನ್ನಡ ಓದಲು ಬಾರದು, ಕೇಳಿದರೆ ತಿಳಿಯುತ್ತದೆ. ಸೊಸೆ ವಚನಗಳನ್ನೂ ದಾಸರ ಪದಗಳನ್ನೂ ಒಂದು ಪೆನ್‌ಡ್ರೈವಿನಲ್ಲಿ ತುಂಬಿ ಕಳಿಸಿದಳು, ರಜೆಗೆ ಬಂದಾಗ ಅಜ್ಜನ ಕಾರಿನಲ್ಲಿ ಕೇಳಿಸಬೇಕೆಂದು. ಅದಕ್ಕೆ ಹೊಸ ಸ್ಟೀರಿಯೊ ಬೇಕು. ಸೊಲ್ಲಾಪುರದಲ್ಲಿ ಕೊಂಡೆ; ಕೂಡಿಸಲು ಅಲ್ಲಿಯವರು 600 ರೂಪಾಯಿ ಕೇಳಿದರು. ನಮ್ಮೂರಿನ ಅಂಗಡಿಗೆ ಹೋಗುವಂತಿರಲಿಲ್ಲ. ನಾನೇ ಕೂಡಿಸುತ್ತೇನೆಂದು ಪೆಟ್ಟಿಗೆಯನ್ನು ಬಗಲಲ್ಲಿಟ್ಟುಕೊಂಡು ಬಂದೆ.

ಈ ನಿರ್ಧಾರದಲ್ಲಿ ಸ್ವಾವಲಂಬನೆ ಎಷ್ಟು, ಜಿಪುಣತನ ಎಷ್ಟು, ಹಟ ಎಷ್ಟು ಎಂದು ಬಿಡಿಸಿ ಹೇಳಲಾರೆ. ತನ್ನ ಕೆಲಸವನ್ನು ತಾನೇ ಮಾಡಿಕೊಳ್ಳುವುದು ಸದ್ಗುಣವೆಂದು ಮಕ್ಕಳಿಗೆ 34 ವರ್ಷ ಪಾಠ ಹೇಳಿದ್ದೇನೆ, ಗಾಂಧೀಜಿಯ ಚರಕವನ್ನು ಉದಾಹರಿಸಿದ್ದೇನೆ. ಆದರೆ ನಮ್ಮ ಶರಣರ ಕಡೆ ನೋಡಿದರೆ ಚಿತ್ರ ಸ್ವಲ್ಪ ಬೇರೆಯಾಗಿದೆ. ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ಹಡಪದ ಅಪ್ಪಣ್ಣ, ಮೇದಾರ ಕೇತಯ್ಯ ಇವರೆಲ್ಲರ ಹೆಸರಿಗೇ ಅವರವರ ಕಾಯಕ ಅಂಟಿಕೊಂಡಿದೆ. ಚೌಡಯ್ಯನು ಬಟ್ಟೆ ತಾನೇ ಒಗೆದುಕೊಂಡು ಮಾಚಯ್ಯನ ಕೂಲಿಯನ್ನು ಉಳಿಸಿದನೆಂಬ ಕಥೆಯನ್ನು ನಾನಂತೂ ಕೇಳಿಲ್ಲ. ಒಬ್ಬನ ಕೈಗೆ ಇನ್ನೊಬ್ಬನು ತನ್ನನ್ನು ಒಪ್ಪಿಸಿಕೊಳ್ಳುವುದರಿಂದಲೇ ಅಲ್ಲಿ ಸಮಾಜ ನಿಂತಿತ್ತು. ಹಾಗಾದರೆ 600 ರೂಪಾಯಿ ಉಳಿಸಿದ ನಾನು ಯಾರದೋ ಅರ್ಧ ದಿನದ ಅನ್ನವನ್ನು ಉಳಿಸಿಕೊಂಡೆನೆ? ಆಗ ಈ ಯೋಚನೆ ಬರಲಿಲ್ಲ, ಈಗ ಬರುತ್ತಿದೆ. ಒಂದು ಮಾತನ್ನು ಮಾತ್ರ ಹೇಳಬಲ್ಲೆ: ಕಲಿಯುವುದಕ್ಕಾಗಿ ಮಾಡುವ ಕೆಲಸ ಬೇರೆ, ಯಾರ ಮುಖವನ್ನೂ ನೋಡಬಾರದೆಂದು ಮಾಡುವ ಕೆಲಸ ಬೇರೆ. ನನ್ನದು ಎರಡನೆಯದಾಗಿತ್ತು.

ನಾನು ಬಿ.ಎ. ಓದಿದವನು. ಆದರೆ ವಿಜ್ಞಾನದ ಶಿಕ್ಷಕರು ಇಲ್ಲದಿದ್ದ ಎರಡು ವರ್ಷ ವಿದ್ಯುತ್ತಿನ ಪಾಠವನ್ನು ನಾನೇ ಮಾಡಿದ್ದೆ. ಕರಿಹಲಗೆಯ ಮೇಲೆ ಬ್ಯಾಟರಿ, ಬಲ್ಬು, ಸ್ವಿಚ್ಚುಗಳ ಚಿತ್ರ ತೆಗೆದು, ಸರಣಿ ಜೋಡಣೆ, ಸಮಾಂತರ ಜೋಡಣೆ ಎಂದು ಬರೆಸಿದ್ದೆ. ಆ ಧೈರ್ಯವೊಂದು ಇತ್ತು. ಹೊಸ ಸ್ಟೀರಿಯೊದ ಜೊತೆ ಬಂದ ಕಾಗದವನ್ನು ಭೂತಗನ್ನಡಿ ಹಿಡಿದು ಓದಿದೆ. ವಿಷಯ ಕಠಿಣವಲ್ಲ. ಹಳದಿ ತಂತಿಗೆ ಬ್ಯಾಟರಿಯಿಂದ ಸದಾಕಾಲ 12 ವೋಲ್ಟ್ ಬರುತ್ತಿರಬೇಕು. ಗಡಿಯಾರವೂ ರೇಡಿಯೊ ಕೇಂದ್ರಗಳ ನೆನಪೂ ಉಳಿಯುವುದು ಅದರಿಂದ. ಕೆಂಪು ತಂತಿಗೆ ಚಾವಿ ತಿರುವಿದಾಗ ಮಾತ್ರ ಬರಬೇಕು. ಕಪ್ಪು ತಂತಿ ಗಾಡಿಯ ಲೋಹದ ಮೈಗೆ. ಬಿಳಿ, ಬೂದು, ಹಸಿರು, ನೇರಳೆ ಬಣ್ಣದ ನಾಲ್ಕು ಜೋಡಿಗಳು ನಾಲ್ಕು ಸ್ಪೀಕರುಗಳಿಗೆ. ಪ್ರತಿ ಜೋಡಿಯಲ್ಲಿ ಕಪ್ಪು ಗೆರೆಯಿರುವುದು ಋಣ. ನೀಲಿ ತಂತಿಯೊಂದು ಉಳಿಯುತ್ತದೆ. ಸ್ಟೀರಿಯೊ ಎಚ್ಚರವಾದಾಗ ಆಂಟೆನಾವನ್ನೋ ಆಂಪ್ಲಿಫಾಯರನ್ನೋ ಎಬ್ಬಿಸಿ, ಅದು ಮಲಗಿದಾಗ ಅವನ್ನೂ ಮಲಗಿಸುವುದು ಅದರ ಕೆಲಸ.

ಕಿಂಡಿಯ ಅಳತೆ 180 ಮಿಲಿಮೀಟರ್ ಅಗಲ, 50 ಮಿಲಿಮೀಟರ್ ಎತ್ತರ. ಇದನ್ನು ‘ಡಿನ್’ ಎನ್ನುತ್ತಾರೆ. ಜರ್ಮನಿಯ ಮಾನಕ ಸಂಸ್ಥೆಯ ಹೆಸರಿನ ಮೊದಲ ಅಕ್ಷರಗಳು. ಯಾವ ದೇಶದವನು ಮಾಡಿದ ಸ್ಟೀರಿಯೊ ಆದರೂ ಈ ಅಳತೆಯದಾದರೆ ಈ ಕಿಂಡಿಗೆ ಹೊಂದುತ್ತದೆ. 1956ರಿಂದ ಗಡಿಯ ಅಳತೆಯೊಂದು ಕೂಡಿಬಾರದೆ ಕೂತಿರುವ ನಮ್ಮಂಥವರಿಗೆ ಇದು ಬೆರಗಿನ ವಿಷಯವೇ ಸರಿ.

ಮಳೆ ಇಲ್ಲದ ಒಂದು ಭಾನುವಾರ ಬ್ಯಾಟರಿಯ ಋಣತಂತಿಯನ್ನು ಬಿಚ್ಚಿ, ಸುತ್ತಲಿನ ಪ್ಲಾಸ್ಟಿಕ್ ಚೌಕಟ್ಟನ್ನು ತೆಗೆದು, ಹಳೆಯ ಪ್ಲೇಯರನ್ನು ಹೊರಗೆಳೆದೆ. ಹಿಂದೆ ಗೋಜಲು ಗೋಜಲಾದ ತಂತಿಗಳನ್ನೂ ಸಡಿಲು ಟೇಪನ್ನೂ ಕಾಣುವೆನೆಂದು ನಿರೀಕ್ಷಿಸಿದ್ದೆ. ನಿಜ ಹೇಳಬೇಕೆಂದರೆ, ಕಾಣಬೇಕೆಂದು ಬಯಸಿದ್ದೆ.

ಕಂಡದ್ದು ಹೀಗಿತ್ತು. ಪ್ರತಿಯೊಂದು ಕೂಡಿಕೆಯನ್ನೂ ಬೆಸುಗೆ ಹಾಕಿ, ಅದರ ಮೇಲೆ ಕಾಯಿಸಿದರೆ ಬಿಗಿಯುವ ಕರಿಯ ನಳಿಗೆಯನ್ನು ತೊಡಿಸಲಾಗಿತ್ತು. ತಂತಿಗಳೆಲ್ಲವನ್ನೂ ಒಂದೇ ಕಟ್ಟಾಗಿ ದಾರದಿಂದ ಸುತ್ತಿ, ಲೋಹದ ಚೂಪು ಅಂಚಿಗೆ ತಾಗದಂತೆ ಒಂದು ರಬ್ಬರಿನ ತುಂಡನ್ನು ಇಟ್ಟಿತ್ತು. ಪ್ರತಿ ತಂತಿಗೂ ಗಾಯಕ್ಕೆ ಹಚ್ಚುವ ಬಿಳಿಯ ಪಟ್ಟಿಯ ತುಣುಕೊಂದನ್ನು ಅಂಟಿಸಿ, ಬಾಲ್‌ಪೆನ್ನಿನಿಂದ ಬರೆಯಲಾಗಿತ್ತು: ‘ಬ್ಯಾಟ್ರಿ’, ‘ಚಾವಿ’, ‘ಅರ್ತಿಂಗ’, ‘ಎಡ ಮುಂದ’, ‘ಬಲ ಮುಂದ’, ‘ಎಡ ಹಿಂದ’, ‘ಬಲ ಹಿಂದ’. ಹದಿನಾಲ್ಕು ವರ್ಷಗಳಾದರೂ ಅಕ್ಷರ ಮಾಸಿರಲಿಲ್ಲ. ಅಂಗಡಿಯ ಹಲಗೆ ಮರಾಠಿಯಲ್ಲಿದೆ, ರಶೀದಿ ಮರಾಠಿಯಲ್ಲಿದೆ. ಯಾರೂ ನೋಡದ ಸ್ಥಳದಲ್ಲಿ ಆತನು ಕನ್ನಡದಲ್ಲಿ ಬರೆದಿದ್ದ. ಆ ಅಕ್ಷರದ ಕೈಯನ್ನು ನಾನು ಬಲ್ಲೆ. ಇಂಥ ಕಾಗುಣಿತಕ್ಕೆ ಎಷ್ಟು ಸಲ ಕೆಂಪು ಶಾಯಿ ಎಳೆದಿದ್ದೆನೋ ಲೆಕ್ಕವಿಲ್ಲ.

ಆ ಅಚ್ಚುಕಟ್ಟಿನ ನಡುವೆ ಒಂದು ಕಡೆ ಮಾತ್ರ, ಹಳದಿ ತಂತಿಯ ಹೊದಿಕೆಯನ್ನು ಬ್ಲೇಡಿನಿಂದ ಕೆರೆದು, ಅದಕ್ಕೊಂದು ತೆಳುವಾದ ನೀಲಿ ತಂತಿಯನ್ನು ಸುತ್ತಿ, ಮೇಲೆ ಕಾಗದ ಅಂಟಿಸುವ ಸೆಲೋಟೇಪ್ ಹಾಕಿತ್ತು. ಟೇಪು ಒಣಗಿ ಹಳದಿಯಾಗಿ ಕಳಚಿಕೊಂಡಿತ್ತು. ಆ ನೀಲಿ ತಂತಿಗೆ ಚೀಟಿಯೂ ಇರಲಿಲ್ಲ. ಬೆರಳಿನಿಂದ ಅದರ ಜಾಡು ಹಿಡಿದು ಹೋದೆ. ಮ್ಯಾಟಿನ ಕೆಳಗೆ ಹರಿದು ಹಿಂದಿನ ಸೀಟಿನ ಬಳಿ ಅದು ಕೊನೆಗೊಂಡಿತ್ತು. ಮಗನಿಗೆ ಫೋನ್ ಮಾಡಿದೆ. ಸ್ವಲ್ಪ ಹೊತ್ತು ನೆನಪಿಸಿಕೊಂಡು, "ಅದು ಆಂಪ್ಲಿಫಾಯರ್ ಎಬ್ಬಿಸೋ ವೈರ್ ಅಪ್ಪಾ. ನೀಲಿಗೆ ನೀಲಿ ಜೋಡಿಸಬೇಕಿತ್ತು. ಹಳದಿಗೆ ಹಚ್ಚಿದ್ನೇನ? ಹಂಗಾದ್ರ ಅದು ಮಲಗ್ತಾನೇ ಇರ್ಲಿಲ್ಲ" ಎಂದು ನಕ್ಕ. ಆಗ ನನಗೇನು ಗೊತ್ತಿತ್ತು ಎಂದೂ ಅಂದ. ಅವನ ನಗುವಿನಲ್ಲಿ ತಪ್ಪಿಲ್ಲ. ಆತನಿಗೆ ಹತ್ತೊಂಬತ್ತು ವರ್ಷ ಕೂಡ ತುಂಬಿರಲಿಲ್ಲ, ಮತ್ತು ಅಂಗಡಿಯಲ್ಲಿ ನಾನಾಡಿದ ಮಾತು ಇವತ್ತಿಗೂ ಅವನಿಗೆ ತಿಳಿಯದು.

ಕಾರಿನಲ್ಲಿ ಕೂತೇ ಲೆಕ್ಕ ಹಾಕಿದೆ. ನನ್ನ ಬ್ಯಾಟರಿ 35 ಆಂಪಿಯರ್-ಗಂಟೆಯದು. ಎಚ್ಚರವಾಗಿ ಸುಮ್ಮನೆ ಕೂತ ಆಂಪ್ಲಿಫಾಯರ್ ಅರ್ಧ ಆಂಪಿಯರ್ ಎಳೆಯಿತೆಂದು ಹಿಡಿದರೂ 70 ಗಂಟೆಗಳಲ್ಲಿ, ಎಂದರೆ ಮೂರು ದಿನಕ್ಕೆ, ಬ್ಯಾಟರಿ ಬರಿದು. ನಾವು ಸೊಲ್ಲಾಪುರಕ್ಕೆ ಹೊರಟದ್ದು ನಾಲ್ಕನೆಯ ದಿನ. ಲೆಕ್ಕ ತಾಳೆಯಾಯಿತು.

ಇಲ್ಲಿಂದ ಮುಂದೆ ನನ್ನ ಪ್ರಶ್ನೆ. ಗ್ರೀಸಿನ ಅರಿಸ್ಟಾಟಲನು ತನ್ನ ರಾಜನೀತಿಯ ಗ್ರಂಥದಲ್ಲಿ ಒಂದು ಮಾತು ಹೇಳಿದ್ದಾನೆ. ಎಲ್ಲ ಕೆಲಸಗಳಲ್ಲಿಯೂ ಮಾಡಿದವನೇ ಉತ್ತಮ ಪರೀಕ್ಷಕನೆಂದು ತಿಳಿಯಬಾರದು, ಮನೆ ಹೇಗಿದೆಯೆಂಬುದನ್ನು ಕಟ್ಟಿದವನಿಗಿಂತ ಅದರಲ್ಲಿ ವಾಸಿಸುವವನು, ಅಡಿಗೆ ಹೇಗಿದೆಯೆಂಬುದನ್ನು ಬಾಣಸಿಗನಿಗಿಂತ ಉಂಡವನು ಚೆನ್ನಾಗಿ ಬಲ್ಲ ಎಂಬುದು ಅದರ ತಾತ್ಪರ್ಯ. ಸಾಮಾನ್ಯ ಜನರಿಗೆ ಆಳುವವರನ್ನು ವಿಚಾರಿಸುವ ಹಕ್ಕಿದೆಯೆಂದು ತೋರಿಸಲು ಆತನು ಈ ವಾದವನ್ನು ಬಳಸಿದ. ಬಹಳ ಬಲವಾದ ವಾದ. ನಾಗರಿಕಶಾಸ್ತ್ರದ ತರಗತಿಯಲ್ಲಿ ನಾನೂ ಅದನ್ನು ಮೆಚ್ಚಿ ಹೇಳಿದ್ದೇನೆ. ಹಾಗೆ ನೋಡಿದರೆ ನನ್ನ ಕಾರು ಚಾಲೂ ಆಗಲಿಲ್ಲವೆಂದು ದೂರುವ ಅಧಿಕಾರ ನನಗಿತ್ತು. ಅದಕ್ಕೆ ಬೆಸುಗೆ ಹಾಕಲು ಬರಬೇಕಾಗಿಲ್ಲ.

ಆದರೆ ಉಂಡವನು ಬಲ್ಲದ್ದು ಎಲ್ಲಿಯವರೆಗೆ? ಸಾರಿನಲ್ಲಿ ಉಪ್ಪು ಹೆಚ್ಚಾಗಿದೆಯೆಂದು ನಾಲಗೆ ಹೇಳುತ್ತದೆ. ಉಪ್ಪು ಹಾಕಿದ ಕೈ ಯಾವುದೆಂದು ನಾಲಗೆ ಹೇಳಲಾರದು. ಬಾಣಸಿಗನು ಹಾಕಿದ ಮೇಲೆ ಮನೆಯ ಹುಡುಗನು ಇನ್ನೊಂದು ಚಮಚ ಹಾಕಿರಬಹುದು. ಅದನ್ನು ತಿಳಿಯಬೇಕಾದರೆ ಅಡಿಗೆಮನೆಗೆ ಹೋಗಬೇಕು, ಹೋದರೂ ನೋಡಿದ್ದು ಅರ್ಥವಾಗುವಷ್ಟು ಅಡಿಗೆ ಬರಬೇಕು. ಫಲವನ್ನು ತೂಗುವ ಅಧಿಕಾರ ಬಳಸುವವನಿಗೆ ಇದ್ದೇ ಇದೆ. ಕೆಲಸಗಾರನನ್ನು ತೂಗಬೇಕಾದರೆ ಕೆಲಸದ ಒಳಗೆ ಇಳಿಯಬೇಕು. ಈ ಎರಡನ್ನು ನಾನು ಒಂದೇ ಎಂದು ಭಾವಿಸಿದೆ. ಬಿಚ್ಚಿ ನೋಡುತ್ತೇನೆಂದು ಬಲ್ಲವನೇ ಹೇಳಿದಾಗ, ನೋಡಗೊಡಲಿಲ್ಲ. ನನಗೆ ಅರ್ಥವಾಗದ್ದು ಅಷ್ಟು ದೊಡ್ಡ ತಪ್ಪಲ್ಲ. ಆ ಮೇಲಿನದೇ ತಪ್ಪು.

ನಮ್ಮ ಸೊನ್ನಲಿಗೆಯ ಕಥೆಯೊಂದು ಇಲ್ಲಿ ನೆನಪಾಗುತ್ತದೆ. ಸಿದ್ಧರಾಮನು ಕೆರೆ ಕಟ್ಟಿಸುತ್ತಿದ್ದಾಗ ಅಲ್ಲಮಪ್ರಭು ಬಂದು, ಆತನನ್ನು ಹಗುರವಾಗಿ ಕರೆದು, ಮಣ್ಣು ಹೊರುತ್ತಿದ್ದವರು ಸಿಟ್ಟಿಗೆದ್ದು ಕಲ್ಲೆಸೆದರೆಂದು ಶೂನ್ಯಸಂಪಾದನೆ ಹೇಳುತ್ತದೆ. ಬಾಲ್ಯದಲ್ಲಿ ಈ ಕಥೆ ಕೇಳಿದಾಗಲೆಲ್ಲ ನನ್ನ ಮನಸ್ಸು ಕಲ್ಲೆಸೆದವರ ಪಕ್ಷವಾಗಿತ್ತು. ಒಂದು ಬುಟ್ಟಿ ಮಣ್ಣೂ ಹೊರದವನು ಹೊತ್ತವರ ಮುಂದೆ ನಿಂತು ಹೀಗೆ ಮಾತಾಡಬಹುದೆ? ಈಗ ತಿಳಿಯುತ್ತದೆ, ಅಲ್ಲಮನು ಏರಿ ಗಟ್ಟಿಯಿಲ್ಲವೆಂದು ಹೇಳಲಿಲ್ಲ. ಕೆರೆಯ ಕೆಲಸವನ್ನು ಅವನು ತೂಗಲೇ ಇಲ್ಲ. ಕೆರೆ ಕಟ್ಟಿಸುವವನ ಒಳಗಿನ ‘ನಾನು’ ಎಂಬುದನ್ನು ಮುಟ್ಟಿದ. ಆ ವಿದ್ಯೆಯಲ್ಲಿ ಅವನು ಪಳಗಿದವನು. ತನಗೆ ಬಲ್ಲ ಕೆಲಸವನ್ನೇ ಅವನು ಪರೀಕ್ಷಿಸಿದ. ನಾನು ನನಗೆ ಬಾರದ ಕೆಲಸವನ್ನು, ನನಗೆ ಬಲ್ಲ ಪರೀಕ್ಷೆಯಿಂದ ಅಳೆದೆ. ಬೆಸುಗೆಯನ್ನು ಹತ್ತನೆಯ ತರಗತಿಯ ಅಂಕಪಟ್ಟಿಯಿಂದ ಅಳೆದೆ.

ನಿಜವಾದ ಮುಳ್ಳು ಇದು. ಬೋರ್ಡಿನ ಪರೀಕ್ಷೆಯ ಉತ್ತರಪತ್ರಿಕೆಯ ಮೇಲೆ ಹುಡುಗನ ಹೆಸರಿರುವುದಿಲ್ಲ. ಯಾವ ಜಾತಿ, ಯಾವ ಊರು, ಯಾರ ಮಗ ಎಂಬುದು ಪರೀಕ್ಷಕನಿಗೆ ತಿಳಿಯಬಾರದೆಂಬ ಎಚ್ಚರ ಅದು. ಎಷ್ಟೋ ವರ್ಷ ಆ ಎಚ್ಚರದಲ್ಲಿಯೇ ಅಂಕ ಕೊಟ್ಟ ನನ್ನ ಮುಂದೆ ಆ ದಿನ ಎರಡು ಕೈಗಳ ಕೆಲಸವಿತ್ತು: ಒಂದು ಎರಡು ಸಲ ನಪಾಸಾದವನದು, ಇನ್ನೊಂದು ಇಂಜಿನಿಯರಿಂಗ್ ಓದುತ್ತಿದ್ದ ನನ್ನ ಮಗನದು. ಬ್ಯಾಟರಿ ಇಳಿಯತೊಡಗಿದ್ದು ಎರಡನೆಯ ಕೈ ತಾಗಿದ ಮೇಲೆ. ಇದನ್ನು ಕಾಣಲು ವಿದ್ಯುಚ್ಛಾಸ್ತ್ರ ಬೇಕಿರಲಿಲ್ಲ, ಕ್ಯಾಲೆಂಡರ್ ಸಾಕಿತ್ತು. ನಾನು ಹೆಸರುಗಳನ್ನು ನೋಡಿದೆ, ಅಂಕ ಕೊಟ್ಟೆ. ಮಗನ ಮೇಲೆ ಸಂಶಯ ಬಂದು ಅದನ್ನು ತಳ್ಳಿಹಾಕಿದ್ದರೆ ಅದು ಬೇರೆ ಮಾತು. ಸಂಶಯ ಬರಲೇ ಇಲ್ಲ.

ಆ ಚೀಟಿಗಳ ಬಗೆಗೂ ಬಹಳ ಯೋಚಿಸಿದ್ದೇನೆ. ಸ್ಟೀರಿಯೊ ಹಾಡಲು ಅವು ಬೇಕಿಲ್ಲ. ಗಿರಾಕಿ ಎಂದೂ ನೋಡನು, ಕೂಲಿಯಲ್ಲಿ ಅದಕ್ಕೆ ಒಂದು ರೂಪಾಯಿಯೂ ಸೇರದು. ಮುಂದೆ ಎಂದೋ ಈ ಡ್ಯಾಶ್‌ಬೋರ್ಡನ್ನು ಬಿಚ್ಚುವ ಯಾವನೋ ಒಬ್ಬ ಅಪರಿಚಿತ ಕೆಲಸಗಾರನಿಗೆ ತೊಡಕಾಗಬಾರದೆಂದು ಬರೆದದ್ದು. ಆ ಅಪರಿಚಿತ ನಾನೇ ಆದೆ. ಆ ಚೀಟಿಗಳಿಲ್ಲದಿದ್ದರೆ ಯಾವ ತಂತಿ ಯಾವ ಸ್ಪೀಕರಿನದೆಂದು ಹುಡುಕುವುದರಲ್ಲೇ ನನ್ನ ವಾರ ಕಳೆಯುತ್ತಿತ್ತು. ನಾನೇ ಕೂಡಿಸಿದೆನೆಂದು ಈಗ ಜನರಿಗೆ ಹೇಳಿಕೊಳ್ಳುವಾಗ ನಾಲಗೆ ತಡೆಯುತ್ತದೆ.

ಕೆಲಸ ಹೇಗೂ ಮುಗಿಯಿತು. 25 ವ್ಯಾಟಿನ ಬೆಸುಗೆ ಕಡ್ಡಿ ಕೊಂಡು ತಂದು, ಕೈ ನಡುಗುವುದರಿಂದ ಮೊಣಕೈಯನ್ನು ಸೀಟಿಗೆ ಊರಿ, ಹನ್ನೊಂದು ಕೂಡಿಕೆಗಳನ್ನು ಹಾಕುವುದಕ್ಕೆ ಮೂರು ಸಂಜೆ ಹಿಡಿದವು. ನನ್ನ ಬೆಸುಗೆಗಳು ಹುಣಸೆಬೀಜದಷ್ಟು ದಪ್ಪ. ಮೊದಲ ಸಲ ಹಳದಿ ಕೆಂಪುಗಳನ್ನು ಅದಲುಬದಲು ಮಾಡಿದೆ; ಚಾವಿ ತೆಗೆದೊಡನೆ ಸ್ಟೀರಿಯೊ ಎಲ್ಲವನ್ನೂ ಮರೆಯುತ್ತಿತ್ತು. ಕಂಪನಿಯವರು ಕೆಟ್ಟದ್ದನ್ನು ಕೊಟ್ಟರೆಂದು ಬೈಯಲು ಬಾಯಿ ತೆರೆದೆ, ಮುಚ್ಚಿಕೊಂಡೆ. ಒಂದು ಸ್ಪೀಕರಿನ ಧನ ಋಣಗಳನ್ನೂ ತಿರುವು ಮುರುವು ಜೋಡಿಸಿದ್ದೆ. ಆಗ ಎರಡೂ ಸ್ಪೀಕರುಗಳು ಹಾಡುತ್ತವೆ, ಆದರೆ ಒಂದು ಮುಂದೆ ತಳ್ಳಿದ ಗಾಳಿಯನ್ನು ಇನ್ನೊಂದು ಹಿಂದೆ ಎಳೆಯುವುದರಿಂದ ತಂಬೂರಿಯ ಗಾಂಭೀರ್ಯ ಹೋಗಿ ಎಲ್ಲವೂ ತೆಳ್ಳಗೆ ಕೇಳಿಸುತ್ತದೆ. ಎರಡನ್ನೂ ಸರಿಪಡಿಸಿದ ಮೇಲೆ ಮನ್ಸೂರರ ಧ್ವನಿ ಎಲ್ಲಿ ನಿಲ್ಲಬೇಕೋ ಅಲ್ಲಿ ನಿಂತಿತು. ಅಂದು ರಾತ್ರಿ ಬ್ಯಾಟರಿಯನ್ನು ಬಿಚ್ಚಲಿಲ್ಲ.

ಉಳಿದದ್ದು ಅಂಗಡಿಗೆ ಹೋಗುವುದು. ಅದಕ್ಕೆ ನಾನು ಹನ್ನೆರಡು ದಿನ ತೆಗೆದುಕೊಂಡೆ. ಹದಿನಾಲ್ಕು ವರ್ಷ ಹಳೆಯ ಮಾತಿಗೆ ಕ್ಷಮೆ ಕೇಳುವುದು ಆತನಿಗಾಗಿಯೆ, ನನ್ನ ನಿದ್ರೆಗಾಗಿಯೆ? ಮರೆತ ಗಾಯವನ್ನು ಮತ್ತೆ ಕೆದಕಿದಂತಾಗದೆ? ಇಂಥ ಸೂಕ್ಷ್ಮ ವಿಚಾರಗಳು ಬಹಳ ಬಂದವು. ಹೋಗುವುದನ್ನು ತಪ್ಪಿಸಿಕೊಳ್ಳಲು ವಿದ್ಯಾವಂತನಿಗೆ ವಿಚಾರಗಳ ಕೊರತೆಯಿರುವುದಿಲ್ಲ. ಫೋನ್ ಮಾಡಿದರೆ ಸಾಕೆಂದೂ ತೋರಿತು. ಆದರೆ ನಾಲ್ಕು ಜನರ ಮುಂದೆ ಆಡಿದ ಮಾತನ್ನು ಏಕಾಂತದಲ್ಲಿ ಹಿಂದಕ್ಕೆ ಪಡೆದರೆ ಸಾಲವನ್ನು ಅರ್ಧ ತೀರಿಸಿದಂತೆ. ಸೋಮವಾರ ಬೆಳಿಗ್ಗೆ, ಗಿರಾಕಿಗಳಿರುವ ಹೊತ್ತಿಗೆ, ಕಾರನ್ನು ತೆಗೆದುಕೊಂಡೇ ಹೋದೆ.

ಆತನ ತಲೆ ಅರ್ಧ ಬೆಳ್ಳಗಾಗಿದೆ. ಅಂದು ಮೂಲೆಯಲ್ಲಿ ಅಭ್ಯಾಸ ಬರೆಯುತ್ತಿದ್ದ ಹುಡುಗ ಈಗ ಅಂಗಡಿಯಲ್ಲಿಯೇ ಕೆಲಸ ಮಾಡುತ್ತಾನೆ. ನಿಂತುಕೊಂಡೇ ಹೇಳಿದೆ. ನಿನ್ನ ಕೆಲಸದಲ್ಲಿ ದೋಷವಿರಲಿಲ್ಲ, ನನ್ನ ಮಗ ತಪ್ಪು ತಂತಿ ಹಚ್ಚಿದ್ದ, ಬಿಚ್ಚಿ ನೋಡಿದ ಮೇಲೆ ತಿಳಿಯಿತು, ಅಂದು ನಾನು ಆಡಿದ ಮಾತು ಆಡಬಾರದ್ದು. ಗಿರಾಕಿಗಳಿಬ್ಬರು ಏನೂ ತಿಳಿಯದೆ ನಮ್ಮಿಬ್ಬರ ಮುಖ ನೋಡಿದರು. ನಿನಗೆ ಆ ದಿನ ನೆನಪಿದೆಯೋ ಇಲ್ಲವೋ ಎಂದೆ.

"ನೆನಪೈತ್ರಿ ಗುರುಗೋಳ" ಎಂದನು. ಸ್ವಲ್ಪ ತಡೆದು, ಮಗನ ಕಡೆ ನೋಡಿ, "ಇವಗೂ ಐತಿ" ಎಂದನು.

ಇರಲಿ ಬಿಡಿರೆಂದು ಆತನು ಹೇಳಲಿಲ್ಲ. ಹೇಳಿಯಾನೆಂದು ನಾನು ಕಾದಿದ್ದೆನೆಂಬುದು, ಹೇಳದಿದ್ದಾಗ ನನಗೆ ತಿಳಿಯಿತು. ಹುಡುಗ ಒಂದು ಸ್ಟೂಲು ತಂದಿಟ್ಟ. ಆತನು ಕೈ ಒರೆಸಿಕೊಂಡು ಹೊರಗೆ ಬಂದು, ಕಾರಿನೊಳಗೆ ಕೂತು, ಹೊಸ ಸ್ಟೀರಿಯೊದ ಮುಖವನ್ನು ಎರಡು ಬೆರಳಿನಿಂದ ತಟ್ಟಿದ. ಖಟಖಟ ಎಂದಿತು.

"ಹಿಂದ ಬೋಲ್ಟ್ ಹಾಕಿಲ್ರಿ ನೀವು. ಬರೇ ಮುಂದಿನ ಚೌಕಟ್ಟಿನ ಮ್ಯಾಲ ನಿಂತೈತಿ. ಹಾದಿ ಮ್ಯಾಲ ಅಳ್ಳಾಡಿ ಅಳ್ಳಾಡಿ ಬೆಸುಗಿ ಬಿಡತೈತ್ರಿ."

ಸ್ಟೀರಿಯೊವನ್ನು ಹೊರಗೆಳೆದ. ನನ್ನ ಬೆಸುಗೆಗಳನ್ನು ಒಂದೊಂದಾಗಿ ನೋಡಿದ. ನಾನು ಉತ್ತರಪತ್ರಿಕೆ ಕೊಟ್ಟ ಹುಡುಗನಂತೆ ಪಕ್ಕದಲ್ಲಿ ನಿಂತಿದ್ದೆ. ಒಳ್ಳೆಯದೆಂದೂ ಹೇಳಲಿಲ್ಲ, ಕೆಟ್ಟದೆಂದೂ ಹೇಳಲಿಲ್ಲ. ತನ್ನ ಹಳೆಯ ಚೀಟಿಗಳನ್ನು ಹಾಗೆಯೇ ಉಳಿಸಿಕೊಂಡಿದ್ದನ್ನು ಕಂಡು ಮಾತ್ರ ಒಂದು ಸಲ ಬೆರಳು ಆಡಿಸಿದ. ಎರಡು ಕೂಡಿಕೆಗಳನ್ನು ತೆಗೆದು ಹೊಸದಾಗಿ ಹಾಕಿದ. ಹಿಂಬದಿಗೆ ಒಂದು ತೂತಿನ ಪಟ್ಟಿ ಕಟ್ಟಿ, ಬೋಲ್ಟ್ ಬಿಗಿದು, ಒಳಗೆ ತಳ್ಳಿ, ಮತ್ತೆ ತಟ್ಟಿ ನೋಡಿದ. ಸದ್ದಿಲ್ಲ.

ಎಷ್ಟಾಯಿತೆಂದು ಕೇಳಿದೆ.

"ನೂರಾ ಐವತ್ತು ಕೊಡ್ರಿ" ಎಂದನು.

ಕೊಟ್ಟೆ. ಎಣಿಸಿ ಗಲ್ಲೆಗೆ ಹಾಕಿಕೊಂಡ.